ದಿನಕರ ಮಾಸ್ತರರ ಕೈ ಗುಣವಾದ ವೃತ್ತಾಂತ

ಮನುಷ್ಯ ಶರೀರದಲ್ಲಿ ಅವಯವಗಳು ಅನೇಕವಿದ್ದರೂ, ಗುಡಗೇರಿಯ ಹನುಮಪ್ಪನ ಗುಡಿಯ ಶನಿವಾರದ ಭಜನಾ ಮೇಳದ ದೃಷ್ಟಿಯಲ್ಲಿ ದಿನಕರ ಮಾಸ್ತರರೆಂದರೆ ಬಲಗೈಯ ಐದು ಬೆರಳುಗಳು ಮಾತ್ರ. ಉಳಿದ ಮಾಸ್ತರರು, ಅಂದರೆ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ, ಮನೆಯಲ್ಲಿ ಹೆಂಡತಿಗೆ ಅಂಜುವ, ಸಂತೆಯಲ್ಲಿ ಹುಳುಕು ಬದನೆಕಾಯಿಯನ್ನೇ ಆರಿಸಿ ತರುವ ಮಾಸ್ತರರು, ಆ ಬೆರಳುಗಳನ್ನು ಗುಡಿಯವರೆಗೆ ಹೊತ್ತು ತರುವ ವಾಹನವೆಂದು ಎಲ್ಲರೂ ತಿಳಿದಿದ್ದರು. ಮಾಸ್ತರರಿಗೂ ಇದರಲ್ಲಿ ಅಸಮಾಧಾನವಿರಲಿಲ್ಲ. ಮೇಳದಲ್ಲಿ ಹಾಡುವವಳು ಹೀರಾಬಾಯಿ. ಅವಳ ಎಡಗಡೆಗೆ ಜಮಖಾನೆಯ ಮೇಲೆ ಹಾರ್ಮೋನಿಯಂ ಪೇಟಿ ಇಟ್ಟುಕೊಂಡು ಕೂಡುವ ಆ ಒಂದು ಮೊಳ ಜಾಗವು, ಸರಕಾರ ಅವರಿಗೆ ಕೊಟ್ಟಿದ್ದ ಎಲ್ಲ ಕುರ್ಚಿಗಳಿಗಿಂತಲೂ ಎತ್ತರದಲ್ಲಿತ್ತು.

ಆ ಬೆರಳುಗಳೇ ಒಂದು ದಿನ ನಡುಗತೊಡಗಿದವು.

ಹುಬ್ಬಳ್ಳಿಯ ಡಾಕ್ಟರರು ಕೈಯನ್ನು ಹಿಡಿದು, ಬಿಟ್ಟು, ಕಾಗದದ ಮೇಲೆ ಒಂದು ಸುರುಳಿ ಬರೆಯಿಸಿ ನೋಡಿ, "ಇದರಿಂದ ಜೀವಕ್ಕ ಏನೂ ಆಗೂದಿಲ್ರಿ. ಇದು ಹೋಗೂದೂ ಇಲ್ಲ" ಎಂದು ಸಮಾಧಾನ ಹೇಳಿ ಕಳುಹಿಸಿದರು. ಅವರು ಕೊಟ್ಟ ಪ್ರಮಾಣಪತ್ರದಿಂದ ಒಂದು ಲಾಭವೂ ಆಯಿತು. ಆ ವರ್ಷ ಶಿಕ್ಷಕರೆಲ್ಲರ ಹೆಗಲಿಗೆ ಬಿದ್ದಿದ್ದ ಮನೆಮನೆ ಗಣತಿಯ ಕೆಲಸದಿಂದ ಮಾಸ್ತರರಿಗೆ ವಿನಾಯಿತಿ ದೊರೆಯಿತು. ದೇವರು ಒಂದು ಕೈಯಿಂದ ಕಿತ್ತುಕೊಂಡು ಇನ್ನೊಂದು ಕೈಯಿಂದ ಕೊಡುತ್ತಾನೆಂದು ಹೇಳುತ್ತಾರೆ. ಮಾಸ್ತರರ ವಿಷಯದಲ್ಲಿ ಅವನು ಎರಡನ್ನೂ ಒಂದೇ ಕೈಯಲ್ಲಿ ಮುಗಿಸಿದ್ದ.

ಆದರೆ ಜಮಖಾನೆಯ ಮೇಲೆ ಪ್ರಮಾಣಪತ್ರ ನಡೆಯುವುದಿಲ್ಲ. ಒಂದು ಶನಿವಾರ ಮಂಗಳಾರತಿಯ ಹೊತ್ತಿಗೆ ಪೇಟಿಯಿಂದ ಹೊರಟ ನಾದವು ತಗಡಿನ ಮೇಲೆ ಜೋಳ ಸುರಿದಂತಿತ್ತು. ಆರತಿ ಹಿಡಿದಿದ್ದ ಪೂಜಾರಿ ತಿರುಗಿ ನೋಡಿದ. ಮರುದಿನ ಬೆಳಿಗ್ಗೆ ಮೇಳದ ಕಾರ್ಯದರ್ಶಿ ಮಂಜಪ್ಪ ಮಾಸ್ತರರ ಮನೆಗೆ ಬಂದ.

ಮಂಜಪ್ಪನು ಕಾಳುಕಡಿಯ ದಲಾಲಿ. ಸಂಗೀತದಲ್ಲಿ ಅವನಿಗೆ ಗೊತ್ತಿದ್ದದ್ದು ಇಷ್ಟೇ: ದೂರ ಕೇಳಿಸಿದರೆ ಒಳ್ಳೆಯದು, ರೈಲ್ವೆ ಸ್ಟೇಶನ್ನಿನವರೆಗೆ ಕೇಳಿಸಿದರೆ ಬಹಳ ಒಳ್ಳೆಯದು. ಚಹದ ಕಪ್ಪನ್ನು ಕೆಳಗಿಟ್ಟು ಮಾಸ್ತರರ ಬಲಗೈಯನ್ನು ತನ್ನ ಅಂಗೈಯಲ್ಲಿ ತೆಗೆದುಕೊಂಡು, ಕಡಲೆಯ ಮಾದರಿಯನ್ನು ನೋಡುವಂತೆ ಬೆರಳುಗಳನ್ನು ಒಂದೊಂದಾಗಿ ಹೊರಳಿಸಿ ನೋಡಿದ.

"ಮಾಸ್ತರ, ತಪ್ಪ ತಿಳ್ಕೋಬ್ಯಾಡ್ರಿ. ಎತ್ತಿಗೆ ವಯಸ್ಸಾತಂದ್ರ ನಾವ ಏನ್ ಮಾಡ್ತೀವ್ರಿ?"

"ಏನ್ ಮಾಡ್ತೀರಿ?" ಎಂದು ಮಾಸ್ತರರು ನಿಜವಾಗಿಯೂ ತಿಳಿಯದೆ ಕೇಳಿದರು.

"ಮನ್ಯಾಗ ಕಟ್ಟಿ ಮೇವು ಹಾಕ್ತೀವ್ರಿ. ಭಾಳ ಪ್ರೀತೀಲೆ ಹಾಕ್ತೀವಿ."

ಒಳಗಿನಿಂದ ಮಾಸ್ತರರ ಹೆಂಡತಿ ಊರ್ಮಿಳಾಬಾಯಿ, "ಮೇವು ಹಾಕ್ಲಿಕ್ಕೆ ನಾ ಇದ್ದೇನಿ ಮಂಜಪ್ಪಣ್ಣಾ, ನೀವು ಮುಂದಿಂದು ಹೇಳ್ರಿ" ಎಂದಳು.

"ಮುಂದಿಂದ ಏನಿಲ್ರಿ ಅಕ್ಕಾರ. ಕುಂದಗೋಳದಾಗ ಒಬ್ರು ಪೇಟಿಯವ್ರು ಅದಾರ. ಅವರ ಕೈ ಹಾವ ಹರದಂಗ ಹರೀತೈತಿ. ಶ್ರಾವಣ ಬರೂತನಕ ನೋಡೂಣು. ಅಷ್ಟರಾಗ ಮಾಸ್ತರ ಕೈ ನೆಟ್ಟಗಾತಂದ್ರ ಅವರ ಜಾಗಾ ಅವರದು. ಇಲ್ಲಂದ್ರ ಒಂದು ಶಾಲು ಹಾಕಿ ಕಳಸೂಣು."

ಬದುಕಿರುವ ಮನುಷ್ಯನಿಗೆ ಶಾಲು ಹಾಕಿ ಕಳುಹಿಸುವ ಮಾತು ಕೇಳಿದ ಮೇಲೆ ಮಾಸ್ತರರು ಅನ್ನದ ಮುಂದೆ ಕುಳಿತು ಎದ್ದುಹೋಗತೊಡಗಿದರು. ಊರ್ಮಿಳಾಬಾಯಿ ತನ್ನ ತಮ್ಮ ಶಿಶಿರನಿಗೆ ಫೋನು ಮಾಡಿದಳು.

ಶಿಶಿರನು ಹುಬ್ಬಳ್ಳಿಯಲ್ಲಿ ವಾದ್ಯಗಳ ಅಂಗಡಿಯೊಂದರಲ್ಲಿ ಮಾರಾಟಗಾರ. ಬಾಯಿ ತೆರೆದನೆಂದರೆ ಎದುರಿಗಿದ್ದವನ ಕೈಯಲ್ಲಿ ಒಂದು ಪೊಟ್ಟಣವಿಲ್ಲದೆ ಮುಚ್ಚಿದವನಲ್ಲ. ಮುಂದಿನ ಭಾನುವಾರ ಅವನು ಬಸ್ಸಿನಿಂದ ಇಳಿದಾಗ ಒಂದು ಕಂಕುಳಲ್ಲಿ ಉದ್ದನೆಯ ಕೀಬೋರ್ಡು, ಇನ್ನೊಂದು ಕಂಕುಳಲ್ಲಿ ಟ್ಯಾಬ್ಲೆಟ್ಟು, ಕೊರಳಿಗೆ ಸುತ್ತಿಕೊಂಡ ಒಂದು ವಾಯರು ಇದ್ದವು. ಎಲ್ಲವನ್ನೂ ಪಡಸಾಲೆಯಲ್ಲಿ ಹರಡಿ, ವಾಯರಿನ ಒಂದು ತುದಿಯನ್ನು ಟ್ಯಾಬ್ಲೆಟ್ಟಿಗೂ ಇನ್ನೊಂದನ್ನು ಕೀಬೋರ್ಡಿಗೂ ಚುಚ್ಚಿದ.

"ಭಾವಾ, ಇದಕ್ಕ ಮಿಡಿ ಅಂತಾರ. ಈ ವಾಯರಿನ್ಯಾಗ ದನಿ ಹೋಗೂದಿಲ್ಲ. ಬರೇ ಹುಕುಂ ಹೋಗ್ತದ. ಯಾವ ಪಟ್ಟಿ ಒತ್ತಬೇಕು, ಎಷ್ಟು ಜೋರ್ ಒತ್ತಬೇಕು, ಯಾವಾಗ ಬಿಡಬೇಕು. ಇಷ್ಟ."

"ಮತ್ತ ದನಿ ಎಲ್ಲೆ ಅದ?"

"ದನಿ ವಾದ್ಯದಾಗ ಅದ. ಟ್ಯಾಬ್ಲೆಟ್ ಹುಕುಂ ಮಾಡ್ತದ, ವಾದ್ಯ ಹಂಗ ನಡೀತದ."

"ತಕ್ಷಣ ನಡೀತದ?"

"ತಕ್ಷಣ."

ಮಾಸ್ತರರು ವಾಯರನ್ನು ತುದಿಯಿಂದ ತುದಿಗೆ ಸವರಿ ನೋಡಿದರು. ಸರಕಾರಿ ನೌಕರಿಯಲ್ಲಿ ತಲೆ ಬೆಳ್ಳಗಾದ ಮನುಷ್ಯನಿಗೆ, ಹುಕುಂ ಹೋದ ತಕ್ಷಣ ಕೆಲಸವಾಗುತ್ತದೆಂಬ ಸಂಗತಿಯನ್ನು ನಂಬಲು ವೇಳೆ ಬೇಕಾಗುತ್ತದೆ.

ಅವರ ಸಂಶಯ ಪೂರ್ತಿ ಸುಳ್ಳಾಗಲಿಲ್ಲ. ಶಿಶಿರನು ಟ್ಯಾಬ್ಲೆಟ್ಟನ್ನು ಒತ್ತಿದಾಗ ವಾದ್ಯದಿಂದ ಷಡ್ಜದ ಬದಲು ಡೋಲಿನ ಪೆಟ್ಟು ಬಂದಿತು. ಮುಂದೆ ರಿಷಭಕ್ಕೆ ತಾಳ, ಗಾಂಧಾರಕ್ಕೆ ಸಿಳ್ಳೆ. ಊರ್ಮಿಳಾಬಾಯಿ ಒಳಗಿನಿಂದ ಬಂದು ಬಾಗಿಲಲ್ಲಿ ಯಾರ ಮೆರವಣಿಗೆ ಎಂದು ನೋಡಿ ಹೋದಳು.

"ಹುಕುಂ ತಪ್ಪ ದಾರಿಗೆ ಹೋಗ್ಯದ" ಎಂದ ಶಿಶಿರ. "ಇದರಾಗ ಹದಿನಾರು ದಾರಿ ಇರ್ತಾವ. ಹತ್ತನೇದು ಬರೇ ಡೋಲು-ತಾಳದ್ದು."

"ಹಂಗಾದ್ರ ಮ್ಯಾಲಿನ ಸಾಹೇಬರ ಸಹಿ ಹಾಕಿಸಬೇಕೇನು?"

"ಬ್ಯಾಡ ಭಾವಾ. ನಾನ ಬದಲಿಸ್ತೇನಿ."

ಬದಲಿಸಿದ. ವಾದ್ಯವು ಅಚ್ಚ ಪೇಟಿಯ ದನಿಯಲ್ಲಿ ಮಾತನಾಡಿತು. ಆ ಮೇಲೆ ಶಿಶಿರನು ಇನ್ನೊಂದು ಉಪಕಾರ ಮಾಡಿದ. ಕೀಬೋರ್ಡಿನ ಪಟ್ಟಿಗಳಿಗೂ ಅದರ ದನಿಗೂ ಇರುವ ಸಂಬಂಧವನ್ನೇ ಕಡಿದುಹಾಕಿದ. ಇನ್ನು ಮಾಸ್ತರರು ಯಾವ ಪಟ್ಟಿ ಒತ್ತಿದರೂ ಸಪ್ಪಳವಿಲ್ಲ. ಟ್ಯಾಬ್ಲೆಟ್ಟು ಹೇಳಿದಷ್ಟೇ ನುಡಿಯುವುದು.

ಉಪಾಯವು ಹೀಗಿತ್ತು. ಮಾಸ್ತರರು ರಜೆಯ ದಿನ ಮಧ್ಯಾಹ್ನದ ಹೊತ್ತು ಬಾಗಿಲು ಹಾಕಿಕೊಂಡು, ಕಡಿದ ಸಂಬಂಧವನ್ನು ಅಷ್ಟು ಹೊತ್ತು ಮಾತ್ರ ಜೋಡಿಸಿಕೊಂಡು, ಮೇಳದ ಪದಗಳನ್ನು ಒಂದೊಂದೇ ಸ್ವರವಾಗಿ, ಎಷ್ಟು ನಿಧಾನವಾದರೂ ಸರಿ, ನುಡಿಸುವುದು. ಟ್ಯಾಬ್ಲೆಟ್ಟು ಆ ಒತ್ತುಗಳನ್ನೆಲ್ಲ ನೆನಪಿಡುವುದು. ಶನಿವಾರ ಅದನ್ನೇ ದುಪ್ಪಟ್ಟು ವೇಗದಲ್ಲಿ ವಾದ್ಯಕ್ಕೆ ಹುಕುಂ ಮಾಡುವುದು. ವೇಗ ಹೆಚ್ಚಿದರೂ ಸ್ವರ ಮೇಲೇರುವುದಿಲ್ಲ. ಅದೇ ಇದರ ವಿಶೇಷ. ಮಾಸ್ತರರು ಬರಿದೇ ಕೈಯಾಡಿಸುತ್ತ ಕೂಡಬೇಕು. ಹಳೆಯ ಪೇಟಿಯ ಬದಲು ಕೀಬೋರ್ಡು ಯಾಕೆಂದು ಕೇಳಿದರೆ ಅದರ ಪಟ್ಟಿ ಹಗುರ ಎನ್ನಬೇಕು, ಟ್ಯಾಬ್ಲೆಟ್ಟು ಯಾಕೆಂದು ಕೇಳಿದರೆ ಪದ ನೋಡಿಕೊಳ್ಳಲು ಎನ್ನಬೇಕು.

"ಇದ ಬಾರಸ್ತದ ಅಂತ ಹೇಳೇ ಬಿಡಬಹುದಲ್ಲಾ?" ಎಂದು ಊರ್ಮಿಳಾಬಾಯಿ ಕೇಳಿದಳು.

"ಹೇಳಿದ್ರ ಜಾಗಾ ಇದಕ್ಕ ಹೋಗ್ತದ" ಎಂದು ಮಾಸ್ತರರು ಹೇಳಿದರು. ಮಾಸ್ತರರು ಜೀವಮಾನದಲ್ಲಿ ಆಡಿದ ದೂರದೃಷ್ಟಿಯ ಮಾತು ಇದೊಂದೇ ಇರಬೇಕು.

ಶ್ರಾವಣದ ಮೊದಲ ಶನಿವಾರ ಬಂದಿತು. ತಬಲಾದ ಖಾಜಾಸಾಬ ವೃತ್ತಿಯಿಂದ ದರ್ಜಿ. ಎಲ್ಲಿ ದಾರ ಕಂಡರೂ ಅದು ಎಲ್ಲಿಂದ ಹೊರಟು ಎಲ್ಲಿಗೆ ಹೋಗಿದೆಯೆಂದು ನೋಡುವುದು ಅವನ ಚಾಳಿ.

"ಮಾಸ್ತರ, ಈ ವಾಯರ್ ಎಂಥಾದ್ರಿ?"

"ಚಾರ್ಜಿಂಗು."

"ಪದದ ಪುಸ್ತಕಕ್ಕೂ ಚಾರ್ಜಿಂಗ್ ಬಂತನ್ರಿ ಈಗ" ಎಂದು ಖಾಜಾಸಾಬ ನಿಟ್ಟುಸಿರು ಬಿಟ್ಟು ತಬಲಾಕ್ಕೆ ಸುತ್ತಿಗೆ ಹಾಕಿದ.

ಹೀರಾಬಾಯಿ ಕಣ್ಣು ಮುಚ್ಚಿದಳು. ಮಾಸ್ತರರು ಟ್ಯಾಬ್ಲೆಟ್ಟನ್ನು ಮುಟ್ಟಿದರು. ವಾಚಕರೇ, ಅಂದು ಆ ಗುಡಿಯಲ್ಲಿ ನಡೆದದ್ದನ್ನು ವರ್ಣಿಸುವುದು ಕಠಿಣ. ಪೇಟಿಯು ಹಿಂಗಾರಿ ಹಳ್ಳದಂತೆ ಹರಿಯಿತು. ಇದರಲ್ಲಿ ಮಾಸ್ತರರೂ ಶಿಶಿರನೂ ಎಣಿಸದ ಒಂದು ಸಂಗತಿಯಿತ್ತು. ಮಧ್ಯಾಹ್ನ ನುಡಿಸುವಾಗ ನಡುಗುವ ಬೆರಳು ಒಂದು ಪಟ್ಟಿಯನ್ನು ಮುಟ್ಟುವಲ್ಲಿ ಎರಡು ಸಲ, ಬದಿಯದನ್ನು ತಾಕಿ ಮತ್ತೆ ಒಂದು ಸಲ ಮುಟ್ಟಿತ್ತು. ನಿಧಾನದಲ್ಲಿ ಅದು ರೋಗದಂತೆ ಕೇಳಿಸುತ್ತಿತ್ತು. ದುಪ್ಪಟ್ಟು ವೇಗದಲ್ಲಿ ಅದೇ ನಡುಕವು, ಮುತ್ತು ಪೋಣಿಸಿದಂಥ ಸಣ್ಣ ಸಣ್ಣ ಮುರ್ಕಿಗಳಾಗಿ, ಪಳಗಿದ ಕೈ ಮಾತ್ರ ಹಾಕಬಲ್ಲ ಸ್ವರದ ಕುಸುರಿಯಾಗಿ ಕೇಳಿಸಿತು.

ಹೀರಾಬಾಯಿ ಕಣ್ಣು ತೆರೆದಳು. ಮಾಸ್ತರರಿಗಿಂತ ಬಹಳ ಹಿರಿಯಳು. ಊರಿನಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವಳು ಅವಳೊಬ್ಬಳೇ. "ಎಲ್ಲಿಂದ ತಂದ್ಯೋ ದಿನಕರಾ ಈ ಮುರ್ಕಿ? ಹರೇದಾಗ ಬಾರಸಲಿಲ್ಲಲ್ಲ ಹಿಂಗ."

ಮಂಗಳಾರತಿ ಮುಗಿದೊಡನೆ ಮಂಜಪ್ಪ ಜನವನ್ನು ಸರಿಸುತ್ತ ಬಂದ. "ಕೈ ಹೆಂಗ ನೆಟ್ಟಗಾತ್ರಿ ಮಾಸ್ತರ? ಯಾವ ದವಾಖಾನಿ?"

ಮಾಸ್ತರರು ಉತ್ತರವನ್ನು ಯೋಚಿಸಿಟ್ಟಿರಲಿಲ್ಲ. ಅವರ ಕಣ್ಣು ದೇವರ ದೀಪದ ಮೇಲೆ ಬಿದ್ದಿತು.

"ಎಣ್ಣಿ" ಎಂದರು.

"ಎಂಥಾ ಎಣ್ಣಿ?"

"ಕುಸುಬಿ ಎಣ್ಣಿ."

"ಕಾಸಿ ಹಚ್ಚಿದ್ರೋ, ಹಸೀದೋ?"

"ಕಾಸಿ."

"ಮೊಳಕೈಯಿಂದ ಕೆಳಗ ತಿಕ್ಕಬೇಕೋ, ಬೆರಳಿಂದ ಮ್ಯಾಲೋ?" ಎಂದು ಹಿಂದಿನಿಂದ ಮುದುಕಿ ಸಣ್ಣವ್ವ ಕೇಳಿದಳು. ಅವಳಿಗೆ ಎರಡೂ ಮೊಳಕಾಲು ನೋವು.

"ಕೆಳಗ" ಎಂದರು ಮಾಸ್ತರರು. ಹೀಗೆ, ಸುಳ್ಳನ್ನು ಹೇಳಿದವರು ಮಾಸ್ತರರಾದರೂ ಅದಕ್ಕೆ ಕೈಕಾಲು ಮೂಡಿಸಿದವರು ಕೇಳಿದವರೇ ಆದರು. ಇಡೀ ಊರಿಗೆ ಕುಸುಬೆಯ ಎಣ್ಣೆ ಗೊತ್ತು. ದಿನವೂ ಅದರಲ್ಲಿಯೇ ಒಗ್ಗರಣೆ. ಆದ್ದರಿಂದ ಗುಣ ಎಣ್ಣೆಯದಲ್ಲವೆಂದು ಕೂಡಲೇ ನಿರ್ಣಯವಾಯಿತು. ಗುಣ ಮಾಸ್ತರರ ಕೈಯದು. ನಮ್ಮ ಕಡೆಗೆ ಔಷಧವನ್ನು ಯಾರೂ ನಂಬುವುದಿಲ್ಲ, ಕೊಡುವವನ ಕೈಗುಣವನ್ನು ನಂಬುತ್ತಾರೆ.

ಮರುದಿನ ಮಾಸ್ತರರು ಹಲ್ಲುಜ್ಜಲು ಹೊರಗೆ ಬಂದಾಗ ಕಟ್ಟೆಯ ಮೇಲೆ ಸೊಂಟ, ಬೆನ್ನು, ಹೆಗಲು, ಮೊಳಕಾಲುಗಳು ಸಾಲಾಗಿ ಕುಳಿತಿದ್ದವು. ಎಲ್ಲರ ಕೈಯಲ್ಲೂ ಎಣ್ಣೆಯ ಸೀಸೆ. ಸಣ್ಣವ್ವ ಮೊದಲಿಗಳು.

"ತಿಕ್ಕಪಾ ಮಾಸ್ತರಾ, ನಿಮ್ಮವ್ವ ಅಂತ ತಿಳ್ಕೊಂಡು ತಿಕ್ಕು."

ಮಾಸ್ತರರು ತಿಕ್ಕಿದರು. ಕೈ ನಡುಗಿತು. ಆ ನಡುಕವು ಮೊಳಕಾಲಿನ ಗಂಟಿನೊಳಗೆ ಹೊಕ್ಕು ಗುಂಯ್ ಎಂದು ತಿರುಗಿ, ಇನ್ನೊಂದು ಬದಿಯಿಂದ ಹೊರಗೆ ಬಂದಿತು. ಸಣ್ಣವ್ವ ಕಣ್ಣು ಮುಚ್ಚಿಕೊಂಡು, "ಮಶೀನ್ ತಿರಿಗಿದಂಗ ಆಗತೈತಲ್ಲೋ ಯಪ್ಪಾ. ಏನ್ ಕೈಯೋ ನಿಂದು" ಎಂದಳು. ಎದ್ದು ನಾಲ್ಕು ಹೆಜ್ಜೆ ನಡೆದಳು. ಐದನೆಯ ಹೆಜ್ಜೆಯಿಂದ ಕೀರ್ತಿಯು ಅವಳಿಗಿಂತ ಮುಂದೆ ನಡೆಯಿತು.

ಖಾಜಾಸಾಬನ ಹೆಂಡತಿ ರೇಷ್ಮಾಬಿಗೆ ಮಣಿಕಟ್ಟು ನೋವು. ಪರ ಗಂಡಸಿನಿಂದ ತಿಕ್ಕಿಸಿಕೊಳ್ಳುವುದು ಸರಿಯಲ್ಲವಾಗಿ, ಅವಳು ಸೀಸೆಯನ್ನು ಮಾತ್ರ ಕಳುಹಿಸಿ ಮಾಸ್ತರರು ಕೈಯಲ್ಲಿ ಹಿಡಿದು ಕೊಡಲೆಂದು ಹೇಳಿಕಳುಹಿಸಿದಳು. ಮಾಸ್ತರರು ಹಿಡಿದರು. ಹಿಡಿದ ಕೈಯಲ್ಲಿ ಸೀಸೆಯು ತಾನಾಗಿ ಅಲುಗಿ ಎಣ್ಣೆಯಲ್ಲಿ ನೊರೆಯೆದ್ದಿತು. ಅದನ್ನು ಕಂಡವರೆಲ್ಲ ಸೀಸೆ ತುಂಬಿಕೊಂಡು ಬರಲು ಮನೆಗೆ ಓಡಿದರು.

"ನನ್ನ ಗಂಡಗ ಇದ್ದ ರೋಗಾ ಒಂದ" ಎಂದು ಊರ್ಮಿಳಾಬಾಯಿ ಬಾಗಿಲಲ್ಲಿ ನಿಂತು ಹೇಳಿದಳು. "ಅದಕ್ಕ ಇಡೀ ಊರು ಆರಾಮಾಗ್ಲಿಕ್ಕೆ ಹತ್ಯದ."

ನೆರೆಯವರು ಅದನ್ನು ವಿನಯವೆಂದು ತಿಳಿದರು.

ಎರಡನೆಯ ವಾರ ಒಂದು ಸರಕಾರಿ ಜೀಪು ಬಂದು ನಿಂತಿತು. ಇಳಿದವರು ತಾಲೂಕಿನ ಗಣತಿಯ ಉಸ್ತುವಾರಿ ಅಧಿಕಾರಿ ಪ್ರತಾಪ ಸಾಹೇಬರು. ಅವರ ಬಲ ಹೆಗಲು ಸಿಕ್ಕಿಬಿದ್ದು, ಕೈ ಮೇಲೆತ್ತಲು ಬಾರದೆ, ಬೈಯುವಾಗ ಬೆರಳು ತೋರಿಸುವುದೂ ಕಷ್ಟವಾಗಿತ್ತು. ಮಾಸ್ತರರು ತಿಕ್ಕಿದರು. ಸಾಹೇಬರು "ಅಬಬಬ" ಎಂದರು. ಸ್ವಲ್ಪ ಹೊತ್ತಿಗೆ ಕೈ ಕಿವಿಯವರೆಗೆ ಎದ್ದಿತು. ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಪ್ರಸನ್ನರಾಗಿ, "ನಿಮ್ಮ ಹೆಸರು ಎಲ್ಲೋ ಓದೇನಲ್ರಿ ಮಾಸ್ತರ" ಎಂದರು.

ಮಾಸ್ತರರು ಎಣ್ಣೆಯ ಸೀಸೆಗೆ ಬಿರಡೆ ಹಾಕತೊಡಗಿದರು.

"ವಿನಾಯಿತಿ ಪಟ್ಟಿಯೊಳಗ" ಎಂದರು ಸಾಹೇಬರು. "ಕೈನಡುಕ ಅಂತ ಬರದಿತ್ತು. ಆರಾಮಾದದ್ದು ಭಾಳ ಛಲೋ ಆತು. ನಮ್ಮಲ್ಲಿ ಮಂದಿ ಕಡಿಮಿ ಅದಾರ. ಶನಿವಾರ ನೀವು ಬಾರಸಿದ ವಿಡಿಯೋ ನಮ್ಮ ಆಫೀಸಿನ್ಯಾಗ ಎಲ್ಲಾರೂ ನೋಡ್ಯಾರ. ಅಷ್ಟು ಜಲ್ದಿ ಬೆರಳು ಆಡೂ ಮನಶ್ಯಾಗ ಗಣತಿ ಆ್ಯಪು ಯಾವ ಲೆಕ್ಕರಿ?"

"ಸಾಹೇಬ್ರ, ಅದು ನಾ..." ಎಂದು ಮಾಸ್ತರರು ಆರಂಭಿಸಿದರು. ಕಟ್ಟೆಯ ಮೇಲೆ ಮಂಜಪ್ಪ ಬೆನ್ನು ತೆರೆದುಕೊಂಡು ತನ್ನ ಸರದಿಗಾಗಿ ಕುಳಿತಿದ್ದ.

"ಅದು ನೀವು ಏನ್ರಿ?"

"ಅದು ನಾನ ಬಾರಸಿದ್ದು" ಎಂದು ಮಾಸ್ತರರು ತಲೆ ತಗ್ಗಿಸಿದರು.

ಆ ವಾರದಿಂದ ಅವರು ಶಾಲೆ ಬಿಟ್ಟ ಮೇಲೆ ಮನೆಮನೆ ತಿರುಗತೊಡಗಿದರು. ಆ್ಯಪಿನಲ್ಲಿ 'ಹೌದು' ಎಂದು ಒತ್ತಿದರೆ ನಡುಗುವ ಬೆರಳು 'ಇಲ್ಲ'ವನ್ನೂ ಒತ್ತುತ್ತಿತ್ತು. ಅಡವಿಯಂಚಿನ ಓಣಿಯ ಒಂದು ಮನೆಯಲ್ಲಿ ಒಬ್ಬ ಅಜ್ಜನು ಎರಡು ಸಲ ಹುಟ್ಟಿದ. ಇನ್ನೊಂದು ಮನೆಯಲ್ಲಿ ಇಲ್ಲದ ಎಮ್ಮೆಗೆ ಶೌಚಾಲಯ ಬಂದಿತು. ಪ್ರತಿ ಮನೆಯವರೂ ವಿವರ ಕೊಡುವ ಮೊದಲು ಒಂದು ಮೊಳಕಾಲನ್ನು ಮುಂದೆ ಮಾಡುತ್ತಿದ್ದರು. ಕತ್ತಲಾಗುವ ಹೊತ್ತಿಗೆ ಮನೆಗೆ ಬಂದ ಗಂಡನ ಕೈಯನ್ನು ನೋಡಿ ಊರ್ಮಿಳಾಬಾಯಿ ಏನೂ ಅನ್ನದೆ ತುತ್ತು ಕಲಸಿಕೊಟ್ಟಳು. ಅವಳು ಏನೂ ಅನ್ನದಿದ್ದದ್ದರಿಂದ ಮಾಸ್ತರರಿಗೆ ಪರಿಸ್ಥಿತಿಯು ವಿಕೋಪಕ್ಕೆ ಹೋಗಿದೆಯೆಂದು ತಿಳಿಯಿತು.

"ಹೇಳಿ ಬಿಡ್ರಿ" ಎಂದಳು ಕಡೆಗೆ.

"ಶ್ರಾವಣ ಮುಗೀಲಿ."

"ಶ್ರಾವಣ ಮುಗ್ಯೂದ್ರಾಗ ನೀವ ಮುಗೀತೀರಿ."

ಆದರೆ ಶನಿವಾರ ಬಂದಿತೆಂದರೆ ಮಾಸ್ತರರು ಜಮಖಾನೆಯ ಮೇಲೆ, ಹೀರಾಬಾಯಿಯ ಎಡಗಡೆಗೆ ಕೂಡುತ್ತಿದ್ದರು. ಅವಳ ಬಳೆಯ ಸಪ್ಪಳ, ಎಲೆಯಡಿಕೆಯ ವಾಸನೆ, ಖಾಜಾಸಾಬನ ಸುತ್ತಿಗೆ. ಅಷ್ಟಕ್ಕಾಗಿ ಅವರು ಇಡೀ ತಾಲೂಕನ್ನು ಎಣಿಸಲು ಸಿದ್ಧರಿದ್ದರು.

ಶ್ರಾವಣದ ಕೊನೆಗೆ ಮೇಳಕ್ಕೆ ಕುಂದಗೋಳದಿಂದ ಕರೆ ಬಂದಿತು. ಬೆಳಗಿನ ಸಂಗೀತ ಸೇವೆಯಲ್ಲಿ ಗುಡಗೇರಿಯವರದು ಒಂದು ಪದ. ಗುಡಗೇರಿಯಲ್ಲಿ ಹಾಡು ಕೇಳಲು ಬರುವವರು ಪ್ರಸಾದಕ್ಕೂ ಬರುತ್ತಾರೆ. ಕುಂದಗೋಳದಲ್ಲಿ ಹಾಗಲ್ಲ, ಅಲ್ಲಿ ಪಾನಪಟ್ಟಿ ಅಂಗಡಿಯವನೂ ಸುಣ್ಣ ಹಚ್ಚುವಾಗ ಕೋಮಲ ರಿಷಭ ಸ್ವಲ್ಪ ಏರಿತೆಂದು ಮುಖ ಕಿವುಚುತ್ತಾನೆ. ಮಂಜಪ್ಪ ಟಂಟಂ ಗಾಡಿ ಗೊತ್ತು ಮಾಡಿದ. ತಮ್ಮ ಕಾಲಿಗಾದ ಉಪಕಾರಕ್ಕಾಗಿ ಸಣ್ಣವ್ವ ಮೊದಲಾದವರೂ ಹೊರಟರು. ಪ್ರತಾಪ ಸಾಹೇಬರು ಹೆಗಲಿನ ಸಮೇತ ಅಲ್ಲಿಯೇ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು.

ಹೀರಾಬಾಯಿ ಭೈರವಿಯ ಪದವೊಂದನ್ನು ಎತ್ತಿಕೊಂಡಳು. ಮಾಸ್ತರರು ಟ್ಯಾಬ್ಲೆಟ್ಟನ್ನು ಮುಟ್ಟಿದರು. ಮೊದಲ ನುಡಿ ಮುಗಿಯಿತು. ಮುಂದಿನ ಸಾಲಿನ ಹಿರಿಯರು ತಲೆದೂಗಿದರು. ಎರಡನೆಯ ನುಡಿಯಲ್ಲಿ ಅವಳು ಮೇಲಿನ ಷಡ್ಜಕ್ಕೆ ಏರಿದಳು, ಅಲ್ಲಿ ನಿಂತಳು, ಇಳಿಯುವ ಮೊದಲು ಉಸಿರು ಸಾಲದಾಯಿತು. ಬಾಯಿ ತೆರೆದೇ ಇತ್ತು, ದನಿ ಇರಲಿಲ್ಲ.

ಆಗ ದಿನಕರ ಮಾಸ್ತರರು ತಮ್ಮ ಬಾಳಿನ ಅತ್ಯಂತ ಪ್ರಾಮಾಣಿಕವಾದ ಕೆಲಸವನ್ನು ಮಾಡಿದರು. ಹಾಡುವವರ ಉಸಿರು ನಿಂತಲ್ಲಿ ಪೇಟಿಯೂ ನಿಲ್ಲಬೇಕೆಂಬುದು ಅವರು ಕಲಿತ ಸಾಥ್. ಅದು ತಲೆಯಿಂದ ಬರುವಂಥದಲ್ಲ. ಅವಳ ಮುಖವನ್ನು ನೋಡಿ, ಎರಡೂ ಕೈಗಳನ್ನು ಪಟ್ಟಿಗಳ ಮೇಲಿನಿಂದ ಎತ್ತಿ, ಗಾಳಿಯಲ್ಲಿ ಹಿಡಿದು, ಕಾದರು.

ಪೇಟಿ ಮುಂದೆ ಹೋಯಿತು.

ಗಾಳಿಯಲ್ಲಿ ಎರಡು ಕೈಗಳು, ಬಲಗೈ ನಡುಗುತ್ತ, ನಿಂತಿದ್ದವು; ಕೆಳಗೆ ವಾದ್ಯವು ಮುರ್ಕಿಯ ಮೇಲೆ ಮುರ್ಕಿ ಹಾಕುತ್ತ ಎರಡನೆಯ ನುಡಿಯನ್ನು ಮುಗಿಸಿ ಮೂರನೆಯದನ್ನು ಹಿಡಿಯಿತು. ಪೇಟಿಯ ಬೆನ್ನುಹತ್ತುವುದೇ ಧರ್ಮವೆಂದು ನಂಬಿದ್ದ ಖಾಜಾಸಾಬ ತಲೆಯೆತ್ತದೆ ತಬಲಾ ಬಾರಿಸುತ್ತಲೇ ಇದ್ದ. ಸಭೆಯ ಹಿಂದಿನ ಸಾಲಿನಿಂದ ಸಣ್ಣವ್ವನ ದನಿ ಎದ್ದಿತು.

"ಎಣ್ಣಿ ಎಷ್ಟು ಏರೇತಿ ನೋಡ್ರವ್ವಾ. ಈಗ ಮುಟ್ಟೂದೂ ಬೇಕಾಗಿಲ್ಲ."

ಮಾಸ್ತರರು ಟ್ಯಾಬ್ಲೆಟ್ಟನ್ನು ನಿಲ್ಲಿಸಲು ಬೆರಳಿಟ್ಟರು. ನಡುಗುವ ಬೆರಳು ಎರಡು ಸಲ ತಾಕಿತು. ಪೇಟಿ ನಿಂತು, ಮತ್ತೆ ಆರಂಭವಾಯಿತು. ಇನ್ನೊಮ್ಮೆ ಒತ್ತಿದರು. ನಿಂತಿತು, ಆರಂಭವಾಯಿತು. ಮುಂದಿನ ಸಾಲಿನ ಹಿರಿಯರೊಬ್ಬರು ಕನ್ನಡಕ ಒರೆಸಿಕೊಂಡರು. ಕಡೆಗೆ ಖಾಜಾಸಾಬ ಒಂದು ಕೈಯಿಂದ ತಾಳ ಬಿಡದೆ, ಇನ್ನೊಂದು ಕೈಯಿಂದ ಆ ವಾಯರನ್ನು, ಹೊಲಿಗೆಯ ದಾರ ಕಿತ್ತಂತೆ, ಕಿತ್ತುಹಾಕಿದ.

"ಚಾರ್ಜಿಂಗ್ ಸಾಕ್ರಿ" ಎಂದ.

ತಿರುಗಿ ಬರುವಾಗ ಟಂಟಂನಲ್ಲಿ ಎಲ್ಲರೂ ಮೊಳಕಾಲಿಗೆ ಮೊಳಕಾಲು ತಾಗಿಸಿ ಕುಳಿತಿದ್ದರು. ಆ ಮೊಳಕಾಲುಗಳಲ್ಲಿ ಬಹುತೇಕ ಎಲ್ಲವನ್ನೂ ಮಾಸ್ತರರು ತಿಕ್ಕಿದ್ದರು. ಅವರು ಇದ್ದದ್ದೆಲ್ಲವನ್ನೂ ಹೇಳಿದರು: ನಡುಕ ಹೋಗಿಲ್ಲ, ಎಣ್ಣೆ ಸುಳ್ಳು, ಬಾರಿಸಿದ್ದು ಟ್ಯಾಬ್ಲೆಟ್ಟು.

"ಎಣ್ಣಿ ಸುಳ್ಳಂದ್ರ?" ಎಂದು ಸಣ್ಣವ್ವ ಸಿಟ್ಟಾದಳು. "ನನ್ನ ಕಾಲಿಗೆ ಗೊತ್ತೋ, ನಿನಗ ಗೊತ್ತೋ?"

ಮಂಜಪ್ಪ ಬಹಳ ಹೊತ್ತು ರಸ್ತೆಯ ಬದಿಯ ಹೆಸರುಕಾಳಿನ ಹೊಲಗಳನ್ನು ನೋಡುತ್ತಿದ್ದ. ಬೈಗುಳಕ್ಕೆ ಸಿದ್ಧರಾಗಿ ಮಾಸ್ತರರು ತಮ್ಮ ಹೆಗಲ ಮೇಲಿನ ಶಾಲಿನ ಅಂಚನ್ನು ಹಿಡಿದುಕೊಂಡಿದ್ದರು.

"ಅಂದ್ರ ಮಾಸ್ತರ," ಎಂದ ಮಂಜಪ್ಪ, "ನೀವು ಬಾಜು ಕುಂದ್ರದಿದ್ರೂ ಅದು ಬಾರಸತೈತಿ?"

"ಬಾರಸ್ತದ."

"ಹಬ್ಬದಾಗ ರಜಾ ಕೇಳಂಗಿಲ್ಲ?"

"ಇಲ್ಲ."

"ಮತ್ತ ನಾವ ಇಷ್ಟ ದಿನ ಯಾತಕ್ಕ ಒದ್ದಾಡಿದ್ವಿ?" ಎಂದು ಅವನು ಸಮಾಧಾನದ ಉಸಿರು ಬಿಟ್ಟ. "ಕುಂದಗೋಳದವ್ರೂ ಬ್ಯಾಡ, ಯಾರೂ ಬ್ಯಾಡ. ಡಬ್ಬಿ ಇರ್ಲಿ. ಬಟನ್ ನಾ ಒತ್ತತೀನಿ."

ಮಾಸ್ತರರು ಜೀವನದಲ್ಲಿ ಮೊದಲ ಸಲ ದನಿಯೇರಿಸಿದರು. "ಅದು ಉಸಿರಿಗೆ ನಿಲ್ಲೂದಿಲ್ಲ ಮಂಜಪ್ಪಾ. ಹಾಡವ್ರು ನಿಂತಾಗ ನಿಲ್ಲೂದ ಸಾಥ್. ಬಾಯಾರ್ನ ಕೇಳ್ರಿ ಬೇಕಾದ್ರ."

ಎಲ್ಲರೂ ಹೀರಾಬಾಯಿಯ ಕಡೆಗೆ ತಿರುಗಿದರು. ಅವಳು ಗಾಡಿಯ ಕಂಬಿ ಹಿಡಿದು ಕುಳಿತಿದ್ದಳು. ಸಿಟ್ಟಿರಲಿಲ್ಲ, ದಣಿದಿದ್ದಳು.

"ದಿನಕರಾ, ಒಂದು ಮಾತು ಹೇಳ್ತೀನಿ, ಮನಸಿಗೆ ಹಚಗೋಬ್ಯಾಡ. ನನಗ ಉಸಿರು ಕಡಿಮಿ ಬಿದ್ದಾಗೊಮ್ಮೆ ನೀ ಪೇಟಿ ನಿಲ್ಲಿಸಿ ನನ್ನ ಮಾರಿ ನೋಡ್ತಿದ್ದಿ. ನೀ ನೋಡಿದ ಕೂಡಲೆ ಮಂದಿ ನೋಡ್ತಿದ್ರು. ಮಂದಿ ನೋಡಿದ್ರ, ಇನ್ನ ಈಕಿದು ಆತು ಅಂತ ನನಗ ಅನಸತಿತ್ತು." ಅವಳು ಎಲೆಯಡಿಕೆಯ ಚೀಲವನ್ನು ಬಿಚ್ಚಿ, ಮತ್ತೆ ಕಟ್ಟಿದಳು. "ಅದು ನೋಡಂಗಿಲ್ಲ. ತನ್ನ ಪಾಡಿಗೆ ತಾ ಹೊಕ್ಕೈತಿ. ನಾ ಮುಂದಿನ ಸಾಲಿಗೆ ಹೋಗಿ ಹಿಡ್ಕೋತೀನಿ. ಯಾರಿಗೂ ಗೊತ್ತಾಗಂಗಿಲ್ಲ."

ತಾನು ಜೀವಮಾನವಿಡೀ ಕೊಟ್ಟ ಗೌರವವು ಇನ್ನೊಬ್ಬರಿಗೆ ಪ್ರತಿ ಶನಿವಾರ ಸಾವಿನ ಸೂಚನೆಯಾಗಿತ್ತೆಂದು ತಿಳಿದಾಗ ಏನು ಹೇಳಬೇಕೆಂಬುದನ್ನು ಯಾವ ಪುಸ್ತಕದಲ್ಲಿಯೂ ಬರೆದಂತಿಲ್ಲ.

"ಆದ್ರ ಮಾಸ್ತರ," ಎಂದು ಮಂಜಪ್ಪ ಅವರ ತೊಡೆ ತಟ್ಟಿದ, "ಹೊಸಾ ಪದಾ ಅದಕ್ಕ ತುಂಬಾಕ ನೀವ ಬೇಕು. ಮನ್ಯಾಗ ಕುಂತು ತುಂಬಿ ಕೊಡ್ರಿ. ಮತ್ತ ಇನ್ನೊಂದು. ಆ ನಡುಕಕ್ಕ ಔಷಧ ಗಿವಷಧ ಮಾಡಾಕ ಹೋಗಬ್ಯಾಡ್ರಿ. ನಡುಕ ಹೋತಂದ್ರ ಮುರ್ಕಿ ಹೋಗತಾವ."

ಮಾಸ್ತರರು ಮರುದಿನ ಪ್ರತಾಪ ಸಾಹೇಬರ ಕಚೇರಿಗೆ ಹೋಗಿ, ನಿನ್ನೆ ತಾವೇ ಕಣ್ಣಾರೆ ನೋಡಿದಿರಿ, ಕೈ ಗುಣವಾಗಿಲ್ಲ, ವಿನಾಯಿತಿಯನ್ನು ಮರಳಿ ಕೊಡಿಸಿರೆಂದು ಬೇಡಿಕೊಂಡರು. ಸಾಹೇಬರು ಬಲಗೈಯನ್ನು ನಿರಾಯಾಸವಾಗಿ ಮೇಲೆತ್ತಿ ಕಪಾಟಿನ ಮೇಲಿನ ಕಡತವನ್ನು ಇಳಿಸಿದರು. "ಹೆಂಗ ಗುಣಾ ಆಗಿಲ್ಲಂತೀರಿ?" ಎಂದು ತಮ್ಮ ಹೆಗಲನ್ನೇ ತಿರುಗಿಸಿ ತೋರಿಸಿದರು. ಆ ಸಾಕ್ಷ್ಯದ ಮುಂದೆ ಮಾಸ್ತರರ ಮಾತು ನಿಲ್ಲಲಿಲ್ಲ.

ಮುಂದಿನ ಶನಿವಾರ ಗಣತಿ ಮುಗಿಸಿಕೊಂಡು ಅವರು ಗುಡಿಗೆ ಬಂದಾಗ ಹಾಡು ಆರಂಭವಾಗಿತ್ತು. ಅವರು ಹಿಂದೆ, ಚಪ್ಪಲಿಗಳ ಹತ್ತಿರ, ಗೋಡೆಗೆ ಆತು ಕುಳಿತರು. ಹೀರಾಬಾಯಿಯ ಎಡಗಡೆಗೆ ಕೀಬೋರ್ಡು, ಅದರ ಮುಂದೆ ಸ್ಟ್ಯಾಂಡಿನ ಮೇಲೆ ಟ್ಯಾಬ್ಲೆಟ್ಟು. ಯಾರೋ ಅದಕ್ಕೆ ಕುಂಕುಮ ಹಚ್ಚಿದ್ದರು. ಎರಡನೆಯ ನುಡಿಯಲ್ಲಿ ಅವಳಿಗೆ ಉಸಿರು ಸಾಲದಾಯಿತು. ಪೇಟಿ ಮುಂದೆ ಹೋಯಿತು. ಅವಳು ಅರ್ಧ ಸಾಲು ಬಿಟ್ಟು, ಮುಂದಿನ ಸಾಲಿನ ಮೊದಲಿಗೆ ಸರಿಯಾಗಿ ಬಂದು ಸೇರಿಕೊಂಡಳು. ಯಾರೂ ಅವಳ ಮುಖ ನೋಡಲಿಲ್ಲ. ಅವಳು ನಕ್ಕಳು. ಆ ನಗುವನ್ನು ಇಷ್ಟು ವರ್ಷ ಬದಿಯಲ್ಲಿ ಕುಳಿತ ಮಾಸ್ತರರು ಎಂದೂ ಕಂಡಿರಲಿಲ್ಲ.

ಅವರ ಪಕ್ಕದಲ್ಲಿ ಅಣ್ಣಿಗೇರಿಯಿಂದ ಬೀಗರ ಮನೆಗೆ ಬಂದಿದ್ದ ಒಬ್ಬ ಮನುಷ್ಯ ಕುಳಿತಿದ್ದ. ಮುಂದೆ ತಲೆಗಳ ಅಡ್ಡಿಯಿಂದ ಅವನಿಗೆ ಏನೂ ಕಾಣುತ್ತಿರಲಿಲ್ಲ, ಕಿವಿಯಿಂದಲೇ ತಲೆದೂಗುತ್ತಿದ್ದ. ಒಂದು ಮುರ್ಕಿ ಬಂದಾಗ ತಡೆಯಲಾರದೆ ಮಾಸ್ತರರ ಕಡೆಗೆ ಬಾಗಿದ.

"ಪೇಟಿ ಯಾರ್ರೀ ಬಾರಸಾಕತ್ತಿದ್ದು?"

ಮಾಸ್ತರರು ಜಮಖಾನೆಯ ಕಡೆಗೆ ಕತ್ತೆತ್ತಿ ನೋಡಿದರು.

"ಯಾರೂ ಇಲ್ರಿ."

ಆ ಮನುಷ್ಯ ಅದನ್ನು ಹೊರಗಿನವರಿಗೆ ಹೆಸರು ಬಿಟ್ಟುಕೊಡದ ಊರಿನವರ ಜಂಬವೆಂದು ತಿಳಿದು ನಕ್ಕ. "ಯಾರರ ಇರ್ಲಿ ಬಿಡ್ರಿ. ಕೈ ಮಾತ್ರ ಅಗದಿ ಗಟ್ಟಿ ಐತಿ."

ದಿನಕರ ಮಾಸ್ತರರು ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡು, "ಹೌದ್ರಿ" ಎಂದರು.